ಬರಿ ನೀರು ಕುಡಿಯುವ ಇಲಿಗಳು

ಅಂದು ಬೆಳಿಗ್ಗೆ ಎದ್ದು ಅಂಗಳ ಸಾರಿಸಿದೆ. ನಲ್ಲಿಯಲ್ಲಿ ನಾಲ್ಕು ಕೊಡ ನೀರು ಹಿಡಿದೆ. ಕಾಲೇಜಿನ ಇಲಿಮನೆಗೆ ಹೋಗಿ ಪೆಟ್ಟಿಗೆಗಳ ಹಳೆಯ ಹೊಟ್ಟು ತೆಗೆದು ಹೊಸದು ಹಾಸಿದೆ. ಬಾಟಲಿಗಳನ್ನು ತೊಳೆದೆ. ಚಂದ್ರವಳ್ಳಿಯ ಕಡೆಯಿಂದ ತರಿಸಿದ್ದ ಅಮೃತಬಳ್ಳಿಯನ್ನು ಜಜ್ಜಿ ಕಷಾಯಕ್ಕಿಟ್ಟೆ. ಮನೆಗೆ ಬಂದು ಯಜಮಾನರ ಅಂಗಿಗೆ ಎರಡು ಗುಂಡಿ ಹಾಕಿದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೊಳಲ್ಕೆರೆ ಕಡೆಯ ಒಬ್ಬ ಮೇಡಂ ಅಮೃತಬಳ್ಳಿಯ ಮೇಲೆ ಪ್ರಬಂಧ ಬರೆಯುತ್ತಿದ್ದರು. ಹನ್ನೆರಡು ಇಲಿಗಳ ಬಾಯಿಗೆ ದಿನವೂ ಇಂಕ್ ಫಿಲ್ಲರಿನಿಂದ ಹನಿಹನಿಯಾಗಿ ಕಷಾಯ, ಇನ್ನೊಂದು ಪೆಟ್ಟಿಗೆಯ ಹನ್ನೆರಡಕ್ಕೆ ಬರಿ ನೀರು. ತಿಂದದ್ದು ಯಾವುದರ ಮೈಗೆ ಹೆಚ್ಚು ಹತ್ತುತ್ತದೆ ಎಂದು ವಾರವಾರವೂ ತೂಕ ಹಾಕುವುದು. ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು, ರೋಗದ ಜೊತೆ ಹೊಡೆದಾಡುವ ಬಿಳಿಕಣಗಳನ್ನು ಎಣಿಸುವುದು. ಎರಡು ತಿಂಗಳ ಕೆಲಸದಲ್ಲಿ ಹತ್ತೇ ದಿನ ಬಾಕಿ ಇತ್ತು. ಕೆಟ್ಟರೆ ಮತ್ತೆ ಮೊದಲಿನಿಂದ ಮಾಡಲು ಮೇಡಮ್ಮಿಗೆ ರಜೆ ಉಳಿದಿರಲಿಲ್ಲ.

ಹಿಂದಿನ ವಾರ ನಾನು ನಾಮಕರಣಕ್ಕೆಂದು ಹೊಸದುರ್ಗಕ್ಕೆ ಹೋಗಿದ್ದೆ. ಆ ಮೂರು ದಿನ ಕಾಳು, ನೀರು ಹಾಕುವುದನ್ನು ಐಮಂಗಲದಿಂದ ಬಂದಿದ್ದ ಅತ್ತೆಗೆ ಒಪ್ಪಿಸಿದ್ದೆ. ಕಷಾಯ ಕುಡಿಸುವುದನ್ನು ಮೇಡಮ್ಮೇ ನೋಡಿಕೊಂಡಿದ್ದರು. ಚಿಕ್ಕಂದಿನಿಂದ ಕುರಿ ಸಾಕಿದವರು, ಇಲಿ ಯಾವ ಲೆಕ್ಕ ಎಂದು ನನ್ನ ಧೈರ್ಯ.

ಅಂದು ಮಧ್ಯಾಹ್ನ ಎಲೆಗೆ ಸುಣ್ಣ ಹಚ್ಚುತ್ತ ಅತ್ತೆ ತಾವಾಗಿಯೇ ಹೇಳಿದರು. "ನೀನಿಲ್ದಾಗ ಪಾತ್ರೇಲಿ ಉಳಿದಿದ್ದ ಕಷಾಯ ನೀರಿನ ಇಲಿಗೂ ಕುಡಿಸ್ದೆ ಕಣೆ. ಈಗ ನೋಡು, ಹೆಂಗೆ ಚೇತರಿಸ್ಕೊಂಡವೆ."

"ಯಾಕತ್ತೆ ಕುಡಿಸಿದ್ರಿ?"

"ಯಾಕಂದ್ರೆ? ಒಂದೇ ಪಂಕ್ತೀಲಿ ಕುಂಡ್ರಿಸಿ ಅರ್ಧ ಜನಕ್ಕೆ ಬಡಿಸಿ, ಅರ್ಧ ಜನಕ್ಕೆ ನೀರು ಕೊಟ್ಟು ಏಳಿಸ್ತಾರೇನು? ನಿಮ್ಮ ಮೇಡಮ್ಮಗೆ ಯಾರೂ ಬಡಿಸೋದು ಕಲಿಸಿಲ್ಲ ಅನ್ನು."

ತಿಕ್ಕುತ್ತಿದ್ದ ಪಾತ್ರೆ ನನ್ನ ಕೈಯಲ್ಲೇ ಉಳಿಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೇಡಂ ಆ ತೂಕಗಳನ್ನು ನಂಬಿ ಬರೆಯುತ್ತಿದ್ದರಲ್ಲ. ಕೈ ತೊಳೆದು ಅತ್ತೆಯನ್ನೂ ಕರೆದುಕೊಂಡೇ ಹೊರಟೆ.

ವಿಷಯ ಕೇಳಿದ ಮೇಡಂ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಹನ್ನೆರಡಕ್ಕೂ ಕುಡಿಸಿದ್ರಾ ಅಜ್ಜಿ?"

"ಎಲ್ಲಾಕೂ ಎಲ್ಲಿ ಸಾಲ್ತೈತವ್ವ? ಬಡಕಲು ನಾಕಕ್ಕೆ. ಮೂರು ದಿನಾನೂ ಅವೇ ನಾಕಕ್ಕೆ."

"ಯಾವ ನಾಲ್ಕು?"

ಎಲ್ಲವೂ ಬಿಳಿ, ಎಲ್ಲಕ್ಕೂ ಕೆಂಪು ಕಣ್ಣು. ನಾವು ಬಾಲದ ಮೇಲೆ ಎಳೆದ ಶಾಯಿಗೆರೆ ಎಣಿಸಿ ಗುರುತು ಹಿಡಿಯುತ್ತಿದ್ದೆವು. ಅತ್ತೆ ಪೆಟ್ಟಿಗೆಯೊಳಗೆ ಬಗ್ಗಿ ನಾಲ್ಕನ್ನು ಎತ್ತಿಕೊಟ್ಟರು. ಮೇಡಂ ಅವುಗಳ ಗೆರೆ ಬರೆದುಕೊಂಡರು. ಆದರೂ ನಂಬಿಕೆ ಬರಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ, ಹನ್ನೆರಡನ್ನೂ ಮತ್ತೆ ಒಟ್ಟಿಗೆ ಬಿಟ್ಟು, ಆಮೇಲೆ ಅವರನ್ನು ಒಳಗೆ ಕರೆದು ಒಂದೊಂದರ ಬಾಲವನ್ನು ಮುಷ್ಟಿಯಲ್ಲಿ ಮುಚ್ಚಿ ತೋರಿಸಿದರು.

"ಬಾಲ ಮುಚ್ಚಿದೀನಿ ಅಜ್ಜಿ, ಈಗ ಹೇಳ್ರಿ."

"ಬಾಲ ನೋಡಿ ಯಾರವ್ವ ಗುರ್ತು ಹಿಡಿಯೋರು? ಮಕ ನೋಡ್ಬೇಕು. ಇದಲ್ಲ. ಇದೂ ಅಲ್ಲ, ಇದು ಜಗಳಗಂಟಿ. ಹಾ, ಇದು ಹೌದು, ಎಡಗಿವಿ ಮಡಚೈತೆ."

ಅವೇ ನಾಲ್ಕು ಬಂದವು. ಮೇಡಂ ಇನ್ನೊಮ್ಮೆ ಪರೀಕ್ಷಿಸಿದರು, ಮತ್ತೆ ಅವೇ. ನೋಟ್‌ಬುಕ್ಕಿನಲ್ಲಿ ಆ ನಾಲ್ಕನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲೇ ಕಾರಣ ಬರೆದರು. ಉಳಿದ ಎಂಟು ಸಾಕು, ಕೆಲಸ ನಿಲ್ಲುವುದಿಲ್ಲ ಎಂದಾಗ ನನಗೆ ಉಸಿರು ಬಂತು.

"ಈ ನಾಕು ಲೆಕ್ಕದಿಂದ ಹೊರಗಾ?" ಎಂದರು ಅತ್ತೆ. "ಹಂಗಾರೆ ಇವಕ್ಕೆ ಇನ್ನು ದಿನಾ ಕುಡಿಸಬಹುದಲ್ಲ."

ಮೇಡಂ ನಗುತ್ತ ಬೇರೆ ಪೆಟ್ಟಿಗೆ ಕೊಟ್ಟರು. "ಕುಡಿಸ್ರಿ ಅಜ್ಜಿ. ಆದ್ರೆ ಆಚೆ ಪೆಟ್ಟಿಗೆ ಕಡೆ ತಲೆ ಹಾಕ್ಬ್ಯಾಡ್ರಿ."

ರಾತ್ರಿ ಮೇಡಂ ನಮ್ಮಲ್ಲೇ ಉಂಡರು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ. ಅತ್ತೆ ನಿಂತು ಎಲ್ಲರಿಗೂ ಒಂದೇ ಸಮ ಬಡಿಸಿದರು. ಮೇಡಂ ಹೊರಟ ಮೇಲೆ ನಾನು ತಟ್ಟೆ ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಯಜಮಾನರು ಮಲಗಿದರು. ಕೊನೆಗೆ ನಾನು.