ಭರಣಿ ಮಳೆಯಲ್ಲಿ ಕೇಳಿದ ದನಿ

ದೆವ್ವ, ಶಕುನ, ಎಲ್ಲಿಂದಲೋ ಬಂದ ದನಿ, ಇಂಥ ಮಾತು ಶುರುವಾದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ದುಃಖದಲ್ಲೋ ಭಯದಲ್ಲೋ ಮನಸ್ಸು ಏನೇನೋ ಕಟ್ಟಿಕೊಳ್ಳುತ್ತದೆ ಎಂದುಕೊಂಡಿದ್ದೆ. ಇದನ್ನು ಓದಿ ನೀವು ನನ್ನ ಬಗ್ಗೆಯೂ ಹಾಗೇ ಅಂದುಕೊಂಡರೆ ನನಗೇನೂ ಬೇಸರವಿಲ್ಲ.

ವಸುಧಾ ನನ್ನ ಗೆಳತಿ. ಹಾಸನದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದು ಓದಿದವರು ನಾವು. ನಾನು ಹಾಸನದಲ್ಲೇ ಬ್ಯಾಂಕ್ ಸೇರಿದೆ. ಅವಳು ತನ್ನೂರಾದ ಹೊಳೆನರಸೀಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ ಆದಳು. ಗುಡ್ಡ ಹತ್ತುವ ಹುಚ್ಚು ಅವಳದು. ಏದುಸಿರು ಬಿಡುತ್ತಾ ಹಿಂಬಾಲಿಸುವ ಪಾಡು ನನ್ನದು. ಕೆಲವು ವರ್ಷಗಳ ಹಿಂದೆ, ಬೇಸಿಗೆ ರಜೆಯಲ್ಲಿ, ಅರಕಲಗೂಡಿನ ಕಡೆಯ ಒಂದು ಕಲ್ಲುಗುಡ್ಡದ ಮೇಲೆ ಟೆಂಟ್ ಹಾಕಿ ಉಳಿಯೋಣ ಎಂದಳು. ಅವಳ ತಮ್ಮ ಗಿರೀಶನೂ ಜೊತೆಗೆ ಬಂದ. ಕಾರನ್ನು ಬುಡದಲ್ಲಿ ಬಿಟ್ಟು ಹತ್ತಿದೆವು.

ಮಧ್ಯಾಹ್ನ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು ಟೆಂಟಿನ ಕಂಬಿ ಜೋಡಿಸುತ್ತಿದ್ದಾಗ ಗೊರೂರಿನ ದಿಕ್ಕಿನಲ್ಲಿ ಎಲ್ಲೋ ಗುಡುಗಿತು. ಭರಣಿ ಮಳೆಯ ಕಾಲ. ನಮ್ಮ ನೆತ್ತಿಯ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು.

"ಇಳಿಯೋಣ ನಡಿ," ಎಂದಳು ವಸುಧಾ.

"ಅಷ್ಟು ದೂರ ಇದೆಯಲ್ಲೇ."

"ಗುಡುಗು ಕಿವಿಗೆ ಬಿತ್ತಲ್ಲ, ಸಿಡಿಲು ಇಲ್ಲಿಗೂ ಬರಬಹುದು. ಟೆಂಟೊಳಗೆ ಕೂತು ಏನೂ ಪ್ರಯೋಜನ ಇಲ್ಲ. ಕಾರಿಗೆ ಹೋಗಿಬಿಡೋಣ."

ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಟೆವು. ಆದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ಆಕಾಶ ಕಪ್ಪಾಗಿ, ಗಾಳಿ ಎದ್ದು, ಆಲಿಕಲ್ಲು ಬೀಳತೊಡಗಿತು. ಇಳಿಜಾರಿನ ಬಯಲಲ್ಲಿ ಒಂದೇ ಒಂದು ಹುಣಸೆಮರವಿತ್ತು. ನಾನು ಅತ್ತ ಓಡಿದೆ. ವಸುಧಾ ಹಿಂದಿನಿಂದ ನನ್ನ ವೇಲು ಹಿಡಿದು ಎಳೆದಳು.

"ಮರದ ಹತ್ರ ಬೇಡ ಕಣೆ!"

ಸ್ವಲ್ಪ ತಗ್ಗಾಗಿದ್ದ ಜಾಗದಲ್ಲಿ ನನ್ನನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಪಾದ ಜೋಡಿಸಿ, ತಲೆ ತಗ್ಗಿಸಿ ಕಿವಿ ಮುಚ್ಚಿಕೊಳ್ಳಲು ಹೇಳಿದಳು. ಗಿರೀಶನನ್ನು ದೂರ ಒಂದು ಕಡೆಗೆ ಕಳಿಸಿದಳು. ತಾನು ಇನ್ನೊಂದು ಕಡೆಗೆ ಹೋದಳು. "ಒಟ್ಟಿಗೆ ಇರಬಾರದು. ಒಬ್ಬರಿಗೆ ಹೊಡೆದ್ರೆ ಉಳಿದವರು ನೋಡ್ಕೋಬೇಕಲ್ಲ," ಎಂದು ಹೋಗುವಾಗ ಹೇಳಿದ್ದು, ಕ್ಲಾಸಿನಲ್ಲಿ ಮಕ್ಕಳನ್ನು ಬೇರೆ ಬೇರೆ ಬೆಂಚಿಗೆ ಕಳಿಸುವ ದನಿಯಲ್ಲಿ.

ನಾನು ಕಣ್ಣು ಮುಚ್ಚಿದ್ದೆ. ಆದರೂ ಒಳಗೆಲ್ಲ ಬೆಳ್ಳಗಾಯಿತು. ನೆಲವೇ ಒಡೆದಂಥ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ, ಮಳೆಯ ಸದ್ದು ಕೂಡ. ನನ್ನೊಳಗಿದ್ದದ್ದು ಒಂದೇ ಯೋಚನೆ: ಎದ್ದು ಓಡಬೇಕು, ಆ ಮರದ ಬುಡ ಸೇರಬೇಕು. ಕಾಲೂರಿ ಇನ್ನೇನು ಏಳಬೇಕು, ಆಗ ತಲೆಯ ಮೇಲೆ ಒಂದು ಕೈ ಬಿತ್ತು. ಅಷ್ಟು ಚಳಿಯಲ್ಲೂ ಬೆಚ್ಚಗಿದ್ದ ಕೈ. ಅದು ನನ್ನನ್ನು ಅದುಮಿ ಕೂರಿಸಿತು.

"ಏಳಬೇಡ ಕಣೆ. ಇನ್ನೊಂದಿದೆ."

ವಸುಧಾಳ ದನಿ, ಕಿವಿಯ ಪಕ್ಕದಲ್ಲೇ. ಅದರಲ್ಲಿ ಗಾಬರಿಯಿರಲಿಲ್ಲ. ನಾನು ಕೂತೆ. ಮತ್ತೆ ಎಲ್ಲ ಬೆಳ್ಳಗಾಯಿತು, ನೆಲ ನಡುಗಿತು. ಕಣ್ಣು ಬಿಟ್ಟು ನೋಡಿದರೆ ಹುಣಸೆಮರ ನೆತ್ತಿಯಿಂದ ಬುಡದವರೆಗೆ ಸೀಳಿಹೋಗಿತ್ತು.

ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ವಸುಧಾ ದೂರದಲ್ಲಿ, ತಾನು ಕೂತಿದ್ದ ಜಾಗದಲ್ಲೇ, ಒಂದು ಮಗ್ಗುಲಿಗೆ ಬಿದ್ದಿದ್ದಳು. ಗಿರೀಶ ಕಾಲಿನಲ್ಲಿ ಸ್ವಾಧೀನವಿಲ್ಲದೆ ತೆವಳುತ್ತಾ ಅವಳ ಬಳಿ ಹೋಗುತ್ತಿದ್ದ.

ಕೆಳಗಿನ ಹೊಲದಿಂದ ರೈತರೊಬ್ಬರು ಓಡಿಬಂದರು. ಅವರ ತುಟಿ ಆಡುವುದಷ್ಟೇ ನನಗೆ ಕಂಡದ್ದು. ಏನೆಂದರೆಂದು ಗಿರೀಶ ಆಮೇಲೆ ಹೇಳಿದ.

"ಮುಟ್ಬ್ಯಾಡಿ ಸಾ, ಮೈನಾಗೆ ಕರೆಂಟ್ ಇರ್ತದೆ!"

"ಇರಲ್ಲ. ಅಕ್ಕನೇ ಹೇಳಿದ್ಲು," ಎನ್ನುತ್ತಾ ಅವನು ಅವಳ ಎದೆ ಒತ್ತುತ್ತಲೇ ಇದ್ದ. ಅವನು ಸೋತಾಗ ನಾನು ಒತ್ತಿದೆ. ಆ ರೈತರು ತಲೆಗೆ ಸುತ್ತಿದ್ದ ಟವಲಿನಿಂದ ಅವಳ ಮುಖ ಒರೆಸಿದರು. ಕೊನೆಗೆ ಅವರೇ, "ಎತ್ಕೊಳವ್ವಾ, ಆಸ್ಪತ್ರೆಗೆ ಓಗಾನ," ಎಂದು ಅವಳನ್ನು ಕಾರಿನವರೆಗೆ ಹೊತ್ತು ತಂದರು. ಆಸ್ಪತ್ರೆಯಲ್ಲಿ ಏನೂ ಮಾಡಲಾಗಲಿಲ್ಲ.

ನನ್ನ ಎರಡೂ ಕಿವಿಯ ತಮಟೆ ಹರಿದಿದೆ ಎಂದರು ಹಾಸನದ ಡಾಕ್ಟರು. ಮೊದಲ ಸಿಡಿಲಿಗೇ ಹರಿದಿರಬೇಕು, ಆಮೇಲೆ ಮಾತು ಕೇಳಿಸಿರಲು ಸಾಧ್ಯವಿಲ್ಲ ಎಂದರು. ಅಂಥ ಆಘಾತದಲ್ಲಿ ನೆನಪು ಹಿಂದುಮುಂದಾಗುತ್ತದೆ, ಅವಳು ಮೊದಲೇ ಹೇಳಿದ್ದ ಮಾತು ಆಮೇಲೆ ಕೇಳಿದಂತೆ ಅನಿಸಿರಬಹುದು ಎಂದೂ ಸಮಾಧಾನ ಮಾಡಿದರು. ಇರಬಹುದು. ಆದರೆ "ಇನ್ನೊಂದಿದೆ" ಎಂಬ ಮಾತನ್ನು ಅವಳು ಮೊದಲು ಯಾವಾಗ ಹೇಳಿದ್ದಳು? ಆ ಕೈ ಯಾರದು?

ತಿಥಿ ಎಲ್ಲ ಮುಗಿದು, ನನ್ನ ಕಿವಿ ತಕ್ಕಮಟ್ಟಿಗೆ ಕೇಳಿಸತೊಡಗಿದ ಮೇಲೆ ಒಂದು ಸಂಜೆ ಹೊಳೆನರಸೀಪುರಕ್ಕೆ ಹೋಗಿ ಗಿರೀಶನಿಗೆ ಇದನ್ನು ಹೇಳಿದೆ. ಮೊದಲ ಸಿಡಿಲಿಗೇ ಅವಳು ಬಿದ್ದದ್ದನ್ನು ತಾನು ಕಣ್ಣಾರೆ ನೋಡಿದೆ, ಮತ್ತೆ ಅವಳು ಅಲುಗಾಡಲಿಲ್ಲ ಎಂದ. ಎರಡನೆಯದು ಬರುವವರೆಗೂ ಅವಳನ್ನೇ ನೋಡುತ್ತಿದ್ದನಂತೆ. ನಾನು ಹೇಳಿದ್ದನ್ನು ಅವನು ನಂಬುವುದಿಲ್ಲ ಎಂದುಕೊಂಡೆ.

ಬಸ್‌ಸ್ಟ್ಯಾಂಡಿನವರೆಗೂ ಬಂದು, ನಾನು ಬಸ್ ಹತ್ತುವಾಗ ಕೇಳಿದ: "ನಾನೂ ಅಲ್ಲೇ ಇದ್ದೆನಲ್ಲ. ನನ್ನ ಹತ್ರ ಯಾಕೆ ಬರಲಿಲ್ಲ ಅವಳು?"

ಬಸ್ ಹೊರಟಿತು. ಅವನು ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದ.