ಹಸಿವೇ ಇಲ್ಲದ ಎಂಟು ಮಂದಿ

ಮನುಷ್ಯನ ಭಾವನೆಗಳಲ್ಲೆಲ್ಲ ಹಸಿವು ಅತ್ಯಂತ ಪ್ರಾಮಾಣಿಕವಾದದ್ದು. ಅದು ಮಂತ್ರಿಯನ್ನೂ ಜವಾನನನ್ನೂ ಒಂದೇ ಸಮನಾಗಿ ಕಾಣುತ್ತದೆ, ಸುಳ್ಳು ಹೇಳುವುದು ಅದಕ್ಕೆ ಬಾರದು. ಹೀಗೆ ಹೇಳುವವರು ಊಟದ ಹೊತ್ತಿಗೆ ನಮ್ಮವರ ಮನೆಗೆ ಬಂದ ಅತಿಥಿಯನ್ನು ನೋಡಿಲ್ಲ. ಕರೆದರೆ ಆತ “ಈಗಷ್ಟೇ ಮುಗಿಸಿಕೊಂಡು ಬಂದೆ” ಎನ್ನುತ್ತಾನೆ. ಮತ್ತೆ ಕರೆದರೆ “ನೀವು ಮಾಡಿ, ನಾನು ಸುಮ್ಮನೆ ಕೂತಿರ್ತೀನಿ” ಎನ್ನುತ್ತಾನೆ. ಮೂರನೆಯ ಸಲ ಕೈ ಹಿಡಿದು ಎಳೆದರೆ ಬಂದು ಕೂತು, ಮೂರು ಸಲ ಸಾರನ್ನ ಹಾಕಿಸಿಕೊಳ್ಳುತ್ತಾನೆ. ಈ ಸಂಪ್ರದಾಯದಿಂದ ವೈದ್ಯವಿಜ್ಞಾನಕ್ಕೆ ಆದ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾನಿ ಮಾಡಿದವರಲ್ಲಿ ನಾನೂ ಒಬ್ಬ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಗಳಾಗಿದ್ದವು. ನಾನು ದೆಹಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ವಾಸ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನನ್ನ ಹೆಂಡತಿಯ ತಂಗಿಯ ಮಗಳು ಆಸ್ಪತ್ರೆಯೊಂದರಲ್ಲಿ ಪಿಎಚ್.ಡಿ. ಮಾಡಲು ಬಂದು ನಮ್ಮ ಮನೆಯಲ್ಲೇ ಇದ್ದಳು. ಅವಳ ಸಂಶೋಧನೆ ಏನೆಂದು ಅವಳು ನನಗೆ ಚಪಾತಿಯ ತಟ್ಟೆಯ ಮುಂದೆ ಹಲವು ಸಲ ವಿವರಿಸಿದ್ದಳು. ನನಗೆ ಅರ್ಥವಾದದ್ದು ನನ್ನ ಕಚೇರಿಯ ಭಾಷೆಯಲ್ಲಿ ಇಷ್ಟು: ಹೊಟ್ಟೆ ಖಾಲಿಯಾದಾಗ ಜಠರವು ರಕ್ತಕ್ಕೆ ಒಂದು ಹಾರ್ಮೋನನ್ನು ಬಿಟ್ಟು ‘ಕೂಡಲೇ ಊಟ ಮಂಜೂರು ಮಾಡತಕ್ಕದ್ದು’ ಎಂದು ಮಿದುಳಿಗೆ ಅರ್ಜಿ ಹಾಕುತ್ತದೆ. ಮೈಯ ಕೊಬ್ಬು ಇನ್ನೊಂದು ಹಾರ್ಮೋನಿನ ಮೂಲಕ ‘ದಾಸ್ತಾನು ಸಾಕಷ್ಟಿದೆ’ ಎಂದು ಟಿಪ್ಪಣಿ ಬರೆಯುತ್ತದೆ. ಮಿದುಳು ಎರಡನ್ನೂ ಓದಿ ತೀರ್ಮಾನ ಕೊಡುತ್ತದೆ. ಕೀಲುವಾತದಂಥ ಉರಿಯೂತ ಇರುವವರ ಮೈಯಲ್ಲಿ ಈ ಕಡತಗಳು ದಾರಿಯಲ್ಲಿ ಎಲ್ಲಾದರೂ ಸಿಕ್ಕಿಕೊಳ್ಳುತ್ತವೆಯೇ ಎಂಬುದು ಅವಳ ಪ್ರಶ್ನೆ.

ಕೀಲುವಾತದ ರೋಗಿಗಳು ಆಸ್ಪತ್ರೆಯಲ್ಲಿ ಬೇಕಾದಷ್ಟು ಸಿಕ್ಕಿದ್ದರು. ಅವರೊಡನೆ ಹೋಲಿಸಿ ನೋಡಲು ಅದೇ ವಯಸ್ಸಿನ ಆರೋಗ್ಯವಂತರು ಸಿಕ್ಕಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಅಂಥ ಆರು ಮಂದಿಯ ಸರಿಯಾದ ದಾಖಲೆಗಳು ಇಲ್ಲದಿದ್ದರೆ ಫೆಲೋಶಿಪ್ ಮುಂದುವರಿಯುವುದಿಲ್ಲ ಎಂದು ಅವಳ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಅಂದರೆ ಮೂರು ವರ್ಷದ ಕೆಲಸವನ್ನು ಸೂಟ್‌ಕೇಸಿಗೆ ತುಂಬಿಕೊಂಡು ರೈಲು ಹತ್ತಬೇಕು.

“ದೊಡ್ಡಪ್ಪ, ನಿಮ್ಮ ಸ್ನೇಹಿತರು ಯಾರೂ ಬರಲ್ವಾ?” ಎಂದಳು.

ನಾನು ಆರಲ್ಲ, ಎಂಟು ಮಂದಿಯನ್ನು ಹೊಂದಿಸಿದೆ. ಎಲ್ಲರೂ ಕರ್ನಾಟಕದವರು, ಎಲ್ಲರೂ ಕೇಂದ್ರ ಸರ್ಕಾರದ ನೌಕರರು, ನನ್ನನ್ನೂ ಸೇರಿಸಿ. ಕಷ್ಟವಾದದ್ದು ಅವರು ಆರೋಗ್ಯವಂತರೆಂದು ಅವರಿಂದಲೇ ಒಪ್ಪಿಸುವುದು. ‘ಯಾವುದೇ ಕೀಲುನೋವು ಇಲ್ಲ’ ಎಂಬ ಸಾಲಿಗೆ ಬಂದಾಗ ರೋಹಿಣಿ ಬಡಾವಣೆಯ ಮಿತ್ರರು ಪೆನ್ನು ಕೆಳಗಿಟ್ಟರು. ದೆಹಲಿಯಲ್ಲಿ ನಾವು ಒಬ್ಬರನ್ನೊಬ್ಬರು ಗುರುತಿಸುವುದು ವಾಸದ ಬಡಾವಣೆಯ ಹೆಸರಿನಿಂದಲೇ.

“ನೋವೇನೂ ಇಲ್ಲ, ನಿಜ. ಆದ್ರೆ ಬರೆದುಕೊಡೋದು ಹೇಗೆ? ಮಂಡಿನೋವು ಅಂತ ಹೇಳಿ ನಾನು ನೆಲಮಹಡಿ ಕ್ವಾರ್ಟರ್ಸಿಗೆ ಅರ್ಜಿ ಹಾಕಿದೀನಲ್ರೀ!”

ಈ ಕಾಗದ ಆಸ್ಪತ್ರೆಯ ಬೀರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ನಮ್ಮ ಹುಡುಗಿ ಮೂರು ಸಲ ಆಣೆ ಇಟ್ಟ ಮೇಲೆ ಅವರ ಮಂಡಿ ವಾಸಿಯಾಯಿತು.

ಜನವರಿಯ ಒಂದು ಭಾನುವಾರ, ಮಂಜು ಇನ್ನೂ ಕರಗಿರದ ಬೆಳಿಗ್ಗೆ, ಎಂಟು ಮಂದಿ ಮಫ್ಲರ್ ಸುತ್ತಿಕೊಂಡು ಖಾಲಿ ಹೊಟ್ಟೆಯಲ್ಲಿ ಹಾಜರಾದೆವು. ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಬೇರೇನೂ ಇಲ್ಲ. ಚಹಾ ಕೂಡ ಇಲ್ಲ. ಒಂದು ಉದ್ದನೆಯ ಕೋಣೆಯಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ, ಪ್ರತಿಯೊಬ್ಬರ ಕೈಗೂ ಸಣ್ಣ ನಳಿಕೆ ಚುಚ್ಚಿ ಅಂಟಿಸಿದರು. ಅರ್ಧ ಗಂಟೆಗೊಮ್ಮೆ ಅದರಿಂದ ರಕ್ತ ತೆಗೆದು ಮಂಜುಗಡ್ಡೆಯ ಡಬ್ಬಿಗೆ ಇಳಿಸುವುದು. ಅದೇ ಹೊತ್ತಿಗೆ ಒಂದು ಕಾಗದ ಕೊಡುವುದು. ಕಾಗದದಲ್ಲಿ ಹತ್ತು ಸೆಂಟಿಮೀಟರಿನ ಒಂದು ಗೆರೆ. ಎಡತುದಿಯಲ್ಲಿ ‘ಹಸಿವೇ ಇಲ್ಲ’, ಬಲತುದಿಯಲ್ಲಿ ‘ಇದಕ್ಕಿಂತ ಹೆಚ್ಚಿನ ಹಸಿವು ಸಾಧ್ಯವಿಲ್ಲ’. ನಮ್ಮ ಹಸಿವು ಎಲ್ಲಿದೆಯೋ ಅಲ್ಲಿ ಒಂದು ಗುರುತು ಹಾಕಬೇಕು.

“ಅಂಕಲ್, ಈಗ ಎಷ್ಟು ಹಸಿವಾಗ್ತಿದೆ?” ಎಂದು ಅವಳು ಮೊದಲನೆಯವರನ್ನು ಕೇಳಿದಳು.

“ಛೆ ಛೆ, ಏನೂ ಇಲ್ಲಮ್ಮಾ. ನೀನು ನಮ್ಮ ಬಗ್ಗೆ ಯೋಚನೆ ಮಾಡಬೇಡ,” ಎಂದು ಅವರು ಎಡತುದಿಗೆ ಗುರುತು ಹಾಕಿದರು.

ಎರಡನೆಯವರು ಮೊದಲನೆಯವರ ಕಾಗದವನ್ನು ಓರೆಗಣ್ಣಿನಿಂದ ನೋಡಿ ಎಡತುದಿಗೇ ಹಾಕಿದರು. ಮೂರನೆಯವರು “ನಂದೇನು ಅವಸರ ಇಲ್ಲ, ನಿನಗೆ ಅನುಕೂಲವಾದಾಗ” ಎಂದರು. ಸರದಿ ನನಗೆ ಬಂತು. ನನ್ನ ಹೊಟ್ಟೆ ಆಗ ಸಾರ್ವಜನಿಕವಾಗಿ ಮಾತಾಡುತ್ತಿತ್ತು. ನಾನೂ ಸೊನ್ನೆಗೇ ಹಾಕಿದೆ.

ಹತ್ತು ಗಂಟೆಯ ಹೊತ್ತಿಗೆ ಎಲ್ಲರಿಗೂ ಒಂಥರಾ ಅಮಲು ಏರಿತ್ತು. ಕಾರಣವಿಲ್ಲದೆ ನಗು ಬರುತ್ತಿತ್ತು. ಯಾರೋ ಸೀನಿದರೆ ಎಂಟೂ ಮಂದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸಚಿವಾಲಯದ ಬಡ್ತಿ ಪಟ್ಟಿಯಿಂದ ಆರಂಭವಾದ ಮಾತು ತಾನಾಗಿ ಗೊಜ್ಜವಲಕ್ಕಿಗೆ ಬಂದು ನಿಂತಿತು. ಮಯೂರ್ ವಿಹಾರದ ಮಿತ್ರರು ಅವಲಕ್ಕಿಯನ್ನು ಎಷ್ಟು ತರಿಯಾಗಿ ಕುಟ್ಟಬೇಕು, ಹುಣಿಸೇರಸಕ್ಕೆ ಬೆಲ್ಲ ಯಾವಾಗ, ಕೊಬ್ಬರಿ ಯಾವಾಗ ಎಂದು ಕಣ್ಣು ಮುಚ್ಚಿಕೊಂಡು ಇಪ್ಪತ್ತು ನಿಮಿಷ ಹೇಳಿದರು. ಸಾಸಿವೆ ಸಿಡಿಯುವ ಘಟ್ಟಕ್ಕೆ ಬಂದರು. ಅಷ್ಟರಲ್ಲಿ ಕಾಗದ ಬಂತು. ಅವರು ಕಣ್ಣೊರೆಸಿಕೊಂಡು ‘ಹಸಿವೇ ಇಲ್ಲ’ ಎಂಬಲ್ಲಿಗೆ ಗುರುತು ಹಾಕಿದರು.

ಹನ್ನೆರಡಕ್ಕೆ ಊಟ. ಅದೂ ಪ್ರಯೋಗದ ಭಾಗವೇ. ಪ್ರತಿಯೊಬ್ಬರ ಮುಂದೆ ತೂಕ ಮಾಡಿ ತುಂಬಿಸಿದ ಡಬ್ಬಿಗಳು: ಅನ್ನ, ದಾಲ್, ಆಲೂ ಗೋಬಿ, ಮೊಸರು. ಬೇಕಾದಷ್ಟು ತಿನ್ನಬಹುದು, ಉಳಿದದ್ದನ್ನು ತೂಗಿ, ಯಾರು ಎಷ್ಟು ತಿಂದರೆಂದು ಬರೆದುಕೊಳ್ಳುತ್ತಾರೆ. “ದಯವಿಟ್ಟು ನಿಮ್ಮ ನಿಮ್ಮ ಡಬ್ಬಿಯಿಂದ ಮಾತ್ರ” ಎಂದು ಹೇಳಿ ಅವಳು ರಕ್ತದ ಕೊಳವೆಗಳನ್ನು ಲ್ಯಾಬಿಗೆ ಕೊಟ್ಟುಬರಲು ಹೋದಳು. ಹೋದದ್ದು ಹತ್ತು ನಿಮಿಷ.

ಸಾಲಾಗಿ ಕೂತ ಎಂಟು ಕನ್ನಡಿಗರ ಮುಂದೆ ಅನ್ನವಿದ್ದು ಬಡಿಸುವವರಿಲ್ಲದಿದ್ದರೆ ಏನಾಗಬಹುದೋ ಅದೇ ಆಯಿತು. ರೋಹಿಣಿಯವರು ಅಂಗಿಯ ತೋಳು ಮಡಚಿಕೊಂಡು, ಆರೋಗ್ಯವಂತ ಮಂಡಿಗಳ ಮೇಲೆ ಎದ್ದು ನಿಂತರು. ತಮ್ಮ ಡಬ್ಬಿಯ ಅನ್ನವನ್ನು ಪಕ್ಕದವರಿಗೆ ಹಾಕಿದರು.

“ಅಯ್ಯೋ ಸಾಕು, ಸಾಕು!”

“ಏನ್ರೀ ಸಾಕು, ಒಂದು ಹಿಡಿ. ಮೊಸರಿಗೆ ಬೇಡ್ವಾ?”

ಪಕ್ಕದವರು ಋಣ ಇಟ್ಟುಕೊಳ್ಳುವವರಲ್ಲ. ತಮ್ಮ ಗೋಬಿಯನ್ನು ಎದುರಿನವರಿಗೆ ಸುರಿದರು. ಮೊಸರು ಎರಡು ಸುತ್ತು ಬಂತು. ಅವಳು ಹಿಂತಿರುಗಿದಾಗ ಮದುವೆಮನೆಯ ಕೊನೆಯ ಪಂಕ್ತಿ ಏಳುತ್ತಿತ್ತು. ತಕ್ಕಡಿಯ ಪ್ರಕಾರ, ಊಟವಾದ ಮೇಲೆ ಮಯೂರ್ ವಿಹಾರದವರ ಡಬ್ಬಿಯಲ್ಲಿ ಊಟಕ್ಕೆ ಮೊದಲು ಇದ್ದದ್ದಕ್ಕಿಂತ ಹೆಚ್ಚು ಅನ್ನವಿತ್ತು.

ಹತ್ತು ದಿನದ ಮೇಲೆ ರಕ್ತದ ವರದಿ ಬಂತು. ಎಂಟೂ ಮಂದಿಯ ಹಸಿವಿನ ಹಾರ್ಮೋನು ಬೆಳಗಿನಿಂದ ಮಧ್ಯಾಹ್ನದವರೆಗೆ ಮೆಟ್ಟಿಲು ಹತ್ತಿದಂತೆ ಏರಿತ್ತು. ಕಾಗದದಲ್ಲಿ ಎಂಟೂ ಮಂದಿ ಸೊನ್ನೆ. ಅವಳು ಸಂಜೆ ಮನೆಗೆ ಬಂದವಳೇ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿದಳು.

“ಸರ್ ಏನಂದ್ರು ಗೊತ್ತಾ? ‘ನಿನ್ನ ಆರೋಗ್ಯವಂತರಿಗೆ ಹೊಟ್ಟೆಯಿಂದ ಮಿದುಳಿಗೆ ದಾರಿಯೇ ಇಲ್ಲ, ರೋಗಿಗಳೇ ವಾಸಿ’ ಅಂದ್ರು. ಒಂದೇ ಒಂದು ದಾಖಲೆಯೂ ನಡೆಯಲ್ವಂತೆ. ನೀವೂ ಸೊನ್ನೆ ಹಾಕಿದ್ದೀರಿ ದೊಡ್ಡಪ್ಪ!”

“ಎಲ್ಲರೂ ಹಾಕಿದ ಮೇಲೆ ನಾನೊಬ್ಬನೇ ಹೊಟ್ಟೆಬಾಕ ಅನ್ನಿಸಿಕೊಳ್ಳಲಾ?”

ಅವಳು ನಗಲಿಲ್ಲ. ಕಾಗದಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಇಷ್ಟು ಹೊತ್ತು ಮಜವಾಗಿದ್ದ ವಿಷಯ ನನಗೆ ಆಗ ಮಜವೆನಿಸಲಿಲ್ಲ.

ಗಂಟು ಬಿಡಿಸಿದ್ದು ನನ್ನ ಹೆಂಡತಿ, ಅದೂ ಬಟಾಣಿ ಬಿಡಿಸುತ್ತಲೇ. “ನೀನು ಕೇಳಿದ್ರೆ ಅವರು ಇನ್ನೇನು ಹೇಳ್ತಾರೆ? ಮನೆ ಹುಡುಗಿ ಬಂದು ‘ಹಸಿವಾ ಅಂಕಲ್’ ಅಂದ್ರೆ ‘ಇಲ್ಲಮ್ಮಾ’ ಅನ್ನೋದೇ. ಊಟ ಹಾಕೋಕೂ ತನಗೂ ಸಂಬಂಧವೇ ಇಲ್ಲದವರು ಯಾರಾದ್ರೂ ಕೇಳಲಿ. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಕೂರಿಸು.”

ನಾನು ಒಂದು ತಿದ್ದುಪಡಿ ಸೂಚಿಸಿದೆ. ಪ್ರತಿ ಕಾಗದದ ಕೆಳಗೂ ಸಹಿ ಮತ್ತು ಸಮಯ ಇರಲಿ. ಬಾಯಲ್ಲಿ ನಾವು ಏನು ಬೇಕಾದರೂ ಹೇಳುತ್ತೇವೆ; ಕ್ವಾರ್ಟರ್ಸಿನ ಅರ್ಜಿಯೊಂದನ್ನು ಬಿಟ್ಟರೆ, ಸಹಿ ಹಾಕುವ ಕಾಗದದಲ್ಲಿ ತಪ್ಪು ಮಾಹಿತಿ ಕೊಡಲು ಮೂವತ್ತು ವರ್ಷ ಸೇವೆ ಮಾಡಿದ ಸರ್ಕಾರಿ ನೌಕರನ ಕೈ ಬರುವುದಿಲ್ಲ. ಮಾರ್ಗದರ್ಶಕರು ಎರಡಕ್ಕೂ ಒಪ್ಪಿ, ಇನ್ನೊಂದು ಭಾನುವಾರ ಕೊಟ್ಟರು. ಅದೇ ಕೊನೆಯದು ಎಂದರು.

ನಾನು ಎಲ್ಲರಿಗೂ ಫೋನ್ ಮಾಡಿದೆ. ರೋಹಿಣಿಯವರು ಚೀರಿದರು:

“ಮತ್ತೆ ಉಪವಾಸವಾ? ಹೋದ ಸಲವೇ ಪ್ರಾಣ ಹೋಗಿ ಬಂತಲ್ರೀ!”

“ಸೊನ್ನೆ ಹಾಕಿದ್ರಿ?”

“ಅದು ಮರ್ಯಾದೆಗೆ!”

ಹುಡುಗಿ ಊರಿಗೆ ವಾಪಸಾಗಬೇಕಾಗುತ್ತದೆ ಎಂದು ಹೇಳಿದೆ. “ಚಲೋ, ಎಷ್ಟು ಗಂಟೆಗೆ?” ಎಂದರು. ಎಂಟೂ ಮಂದಿ ಬಂದರು.

ಫೆಬ್ರವರಿಯ ಆ ಭಾನುವಾರ ನಮ್ಮ ನಡುವೆ ಹಸಿರು ಪರದೆಗಳಿದ್ದವು. ಹುಡುಗಿ ಪಕ್ಕದ ಕೋಣೆಯಲ್ಲಿ ಉಗುರು ಕಡಿಯುತ್ತಾ ಕೂತಿದ್ದಳು. ಕಾಗದ ಹಿಡಿದು ಬಂದವರು ಹರಿಯಾಣದ ಒಬ್ಬ ಸಿಸ್ಟರ್. ಎತ್ತರದ, ಗಟ್ಟಿ ದನಿಯ ಹೆಂಗಸು.

“ಅಂಕಲ್ ಜೀ, ನಿಶಾನ್ ಲಗಾವೊ, ಸೈನ್ ಕರೋ!”

ಪಕ್ಕದ ಪರದೆಯಿಂದ “ಏನೂ ತೊಂದರೆ ಇಲ್ಲ ಸಿಸ್ಟರ್...” ಎಂದು ಮೃದುವಾದ ಹಿಂದಿ ಕೇಳಿಸಿತು.

“ಮೈಂನೆ ತಕಲೀಫ್ ಪೂಛೀ ಕ್ಯಾ?” ಎಂದರು ಸಿಸ್ಟರ್. ತೊಂದರೆಯನ್ನು ಯಾರು ಕೇಳಿದರು ಎಂಬ ಆ ಗದರಿಕೆಗೆ ಎಂಟೂ ಪರದೆಗಳ ಹಿಂದೆ ಎಂಟೂ ಪೆನ್ನುಗಳು ಬಲಕ್ಕೆ ಸರಿದವು. ನಾನು ಮೊದಲು ನಾಲ್ಕು, ಆಮೇಲೆ ಆರು, ಹನ್ನೊಂದಕ್ಕೆ ಒಂಬತ್ತು ಹಾಕಿದೆ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ, ಹಸಿದಿದ್ದೇನೆಂದು ಲಿಖಿತವಾಗಿ ಒಪ್ಪಿಕೊಂಡ ಸುಖಕ್ಕೆ ನನಗೆ ತಲೆ ತಿರುಗಿ ನಗು ಉಕ್ಕಿತು. ಪರದೆಗಳ ಆಚೆಯಿಂದಲೂ ಕಿಸಿಕಿಸಿ ನಗು ಕೇಳುತ್ತಿತ್ತು. ಮಯೂರ್ ವಿಹಾರದವರಿಗೆ ಮಾತ್ರ ಹತ್ತು ಸೆಂಟಿಮೀಟರ್ ಸಾಲಲಿಲ್ಲ. ಅವರು ಗೆರೆಯನ್ನು ತಮ್ಮ ಪೆನ್ನಿನಿಂದಲೇ ಕಾಗದದ ಅಂಚಿನವರೆಗೆ ಎಳೆದು, ಅಲ್ಲಿ ಗುರುತು ಹಾಕಿ, ಕಚೇರಿಯ ಪದ್ಧತಿಯಂತೆ ತಿದ್ದುಪಡಿಯ ಪಕ್ಕದಲ್ಲಿ ಚಿಕ್ಕ ಸಹಿಯನ್ನೂ ಮಾಡಿದ್ದರು.

ಊಟಕ್ಕೆ ಪ್ರತಿಯೊಬ್ಬರೂ ಗೋಡೆಗೆ ಮುಖ ಮಾಡಿ ಕೂತೆವು. ಅನ್ನದ ಡಬ್ಬಿ ತೆರೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ರೋಹಿಣಿಯವರ ದನಿ ತಡೆಯಲಾರದೆ ಹೊರಬಂತು:

“ಯಾರಿಗಾದ್ರೂ ಮೊಸರು...”

“ಚುಪ್!” ಎಂದರು ಸಿಸ್ಟರ್.

ಮಾರ್ಚಿನ ಎರಡನೆಯ ವಾರದಲ್ಲಿ ಮಾರ್ಗದರ್ಶಕರು ಎಂಟು ದಾಖಲೆಗಳನ್ನು ಪರಿಶೀಲಿಸಿ, ಗೆರೆ ಉದ್ದ ಮಾಡಿದ ಒಂದನ್ನು ಬಿಟ್ಟು ಏಳನ್ನು ಅಂಗೀಕರಿಸಿದರು. ಫೆಲೋಶಿಪ್ ಒಂದು ವರ್ಷ ಮುಂದುವರಿಯಿತು.