ಟೈಲರ್ ಮಾವ ಅಳೆದುಕೊಟ್ಟ ಏರು

ಮೊನ್ನೆ ಲವ್‌ಡೇಲ್ ಕಡೆಯಿಂದ ಬರುವಾಗ ಮಳೆ ಹಿಡಿದುಕೊಂಡಿತು. ಒಂದು ಸಣ್ಣ ಅಂಗಡಿಯ ಮಾಡಿನ ಕೆಳಗೆ ನಿಂತೆ. ಒಳಗೆ ಯಾರೋ ಒದ್ದೆ ಉಣ್ಣೆಯ ಕೋಟಿನ ಮೇಲೆ ಇದ್ದಿಲ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದರು. ಹಸಿ ಉಣ್ಣೆ, ಬಿಸಿ ಕಬ್ಬಿಣ, ಸ್ವಲ್ಪ ಹೊಗೆ... ಮಳೆ ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ. ನಮ್ಮ ಟೈಲರ್ ಮಾವನ ಅಂಗಡಿಯ ವಾಸನೆ ಅದು.

ಅವರು ನನಗೆ ನೆಂಟರೇನಲ್ಲ. ಊಟಿಯಲ್ಲಿ ನನ್ನ ಮನೆಯ ದಾರಿ ರಸ್ತೆಗೆ ಸೇರುವ ಕಡೆ, ಪಕ್ಕದಲ್ಲೇ ಅವರ ಸ್ವಂತದ ಪುಟ್ಟ ಅಂಗಡಿ. ಗುಂಡ್ಲುಪೇಟೆ ಕಡೆಯವರು, ಪ್ರಾಯದಲ್ಲೇ ಬೆಟ್ಟ ಹತ್ತಿ ಬಂದು, ಬೋರ್ಡಿಂಗ್ ಶಾಲೆ ಮಕ್ಕಳ ಕೋಟು ಹೊಲಿಯುತ್ತಲೇ ತಲೆ ನೆರೆಸಿಕೊಂಡವರು. ನಾನೂ ಆ ಕಡೆಯವನೇ. ಮಾರ್ಕೆಟ್ಟಿನಲ್ಲಿ ಕ್ಯಾರೆಟ್ ಮೂಟೆ ಹೊತ್ತು ಶುರುಮಾಡಿದವನು. ಒಂದು ಜೀಪು, ಆಮೇಲೆ ಎರಡು ಟ್ಯಾಕ್ಸಿ, ಆಮೇಲೆ ಟೂರಿಸ್ಟುಗಳಿಗೆ ಕೋಣೆ ಕೊಡುವ ಈ ಮನೆ... ಎಲ್ಲ ಚೌಕಾಸಿಯಲ್ಲೇ ಗಿಟ್ಟಿಸಿದ್ದು.

ಒಂದು ಕಾರೂ ಹಾಗೆಯೇ ಬಂತು. ಕೂನೂರಿನಲ್ಲಿ ಒಬ್ಬರು ಮನೆ ಖಾಲಿ ಮಾಡಿ ಕೆಳಗೆ ಹೊರಟಿದ್ದರು. ಅವರ ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಹಾಗಿತ್ತು. ಇಂಥದ್ದನ್ನು ಕೊಳ್ಳಲು ಮಳೆಗಾಲದಲ್ಲೇ ಹೋಗಬೇಕು. ಮಾರುವವರಿಗೆ ಆಗಲೇ ಬೇಸರ ಹೆಚ್ಚು. ಎಂಜಿನ್ ನೋಡಿದೆ, ಟೈರು ನೋಡಿದೆ, ಕಾಗದಪತ್ರ ನೋಡಿದೆ. ನನ್ನ ಮನೆಯ ದಾರಿಯನ್ನು ಮಾತ್ರ ನೋಡಿಕೊಳ್ಳಲಿಲ್ಲ. ನಿಮಗೆ ಅಂಥ ಆಸೆಯಿದ್ದರೆ ಮೊದಲು ಮನೆಯ ಏರು ಅಳೆಯಿರಿ, ಆಮೇಲೆ ಕಾರಿನ ಬೆಲೆ ಕೇಳಿ.

ನಮ್ಮ ಏರು ರಸ್ತೆಯಿಂದ ಸೀದಾ ಮೇಲೇಳುತ್ತದೆ. ಬುಡದಲ್ಲಿ ಕಾರಿನ ಮೂತಿ ಉಜ್ಜುತ್ತಿತ್ತು, ತುದಿಯಲ್ಲಿ ಹೊಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಓರೆಯಾಗಿ ಹತ್ತಿಸಬೇಕು, ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ. ಜೊತೆಯವರನ್ನು ಇಳಿಸಿ, ಡಿಕ್ಕಿ ಖಾಲಿ ಮಾಡಿ, ನಡಿಗೆಯ ವೇಗದಲ್ಲಿ. ಅದೆಲ್ಲ ಮಾಡಿದೆ. ಓರೆಗೆ ಅಗಲ ಸಾಲಲಿಲ್ಲ. ಸಿಲ್ವರ್ ಓಕ್ ಹಲಗೆ ಹಾಕಿದೆ, ಮಳೆಗೆ ಜಾರಿದವು. ರಸ್ತೆಯಲ್ಲೇ ಬಿಡೋಣವೆಂದರೆ ನಮ್ಮ ಕಡೆ ಕಾಟಿಗಳ ಓಡಾಟ. ಆನೆಮರಿಯಷ್ಟು ದಪ್ಪದ ಕಾಡೆಮ್ಮೆ ಬಂದು ಮೈ ತುರಿಸಿಕೊಂಡರೆ ಕಾರು ಉಳಿಯುತ್ತದೆಯೇ? ಹತ್ತಿಸಬೇಕು, ಇಲ್ಲವೇ ಮಾರಬೇಕು.

ಕಾರು ಉಜ್ಜಿದಾಗಲೆಲ್ಲ ಮಾವನ ಮೆಷಿನ್ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವರಿಗೆ ತಡೆಯಲಾಗಲಿಲ್ಲ.

“ಏನ್ ಸಾವ್ಕಾರ್ರೇ, ದಿನಾ ಕಾರ್‌ಗೆ ಕ್ಷೌರ ಮಾಡುಸ್ತಿದ್ದೀರಲ್ಲ!”

“ಕಾರು ತಗ್ಗು ಮಾವ, ಏನ್ ಮಾಡ್ಲಿ?”

“ಗಿಡ್ಡನ್ಗೆ ಉದ್ದದ್ ಕೋಟು ಹೊಲಿದ್ರೆ ಗಿಡ್ಡನ್ ತಪ್ಪಾ, ಕೋಟಿನ್ ತಪ್ಪಾ? ಅಳ್ತೆ ತಪ್ಪು ಕನಪ್ಪ. ಇರಿ, ಟೇಪ್ ತತ್ತೀನಿ.”

ಜೀವಮಾನದಲ್ಲಿ ಸ್ಟೇರಿಂಗ್ ಮುಟ್ಟದ ಮನುಷ್ಯ. ಏರಿನ ತಲೆಯಿಂದ ರಸ್ತೆಯ ಮೇಲಕ್ಕೆ ಮಟ್ಟಸವಾಗಿ ದಾರ ಬಿಗಿದರು. ಅಡಿಗೊಂದು ಕಡೆ ದಾರದಿಂದ ನೆಲಕ್ಕೆ ಎಷ್ಟು ಎಂದು ಅಳೆದು ಬರೆದುಕೊಂಡರು. ನನ್ನನ್ನು ಕಾರಿನಡಿ ಮಲಗಿಸಿ ಹೊಟ್ಟೆಯ ಎತ್ತರ ಕೇಳಿದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಡಿಗೆ ಎರಡು ಅಂಗುಲದ ಲೆಕ್ಕದಲ್ಲಿ ಏರನ್ನು ಸೀಮೆಸುಣ್ಣದಲ್ಲಿ ಎಳೆದರು. ಅದೇ ಅಳತೆಗೆ ಕಾರನ್ನು ರಟ್ಟಿನಲ್ಲಿ ಕತ್ತರಿಸಿ, ಕೋಟಿನ ಮಾದರಿಗೆ ಬರೆಯುವ ಹಾಗೆ ಅದರ ಮೇಲೆ ‘ಮುಂದು’, ‘ಹಿಂದು’, ‘ಹೊಟ್ಟೆ’ ಎಂದು ಬರೆದರು. ರಟ್ಟಿನ ಕಾರನ್ನು ಗೆರೆಯ ಮೇಲೆ ಜಾರಿಸಿದರೆ ತಾಗಿದಲ್ಲೆಲ್ಲ ಗೆರೆ ಅಳಿಸಿಹೋಗುತ್ತಿತ್ತು. ಗೆರೆ ತಿದ್ದುವುದು, ಮತ್ತೆ ಜಾರಿಸುವುದು. ಮೂರು ದಿನ, ಕೆಲಸದ ನಡುವೆ ಇದೇ.

“ಒಂದೇ ಕಡೆ ಮಡಿಸಿದ್ರೆ ಮುರೀತದೆ, ಎರಡ್ ಕಡೆ ಮಡಿಸಿದ್ರೆ ಬಾಗ್ತದೆ,” ಅಂದರು. ಏರಿನ ಕಡಿದಾದ ನಡುಭಾಗ ಹಾಗೇ ಇರಲಿ. ಏರು ಶುರುವಾಗುವ ಕಡೆ, ಮುಗಿಯುವ ಕಡೆ ಅದರ ಮುರಿವನ್ನು ನಿಧಾನ ಮಾಡಿದರೆ ಸಾಕು. ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ.

ತುದಿಯ ಗೂನು ತೆಗೆಯುವುದು ಸುಲಭವಿತ್ತು. ಬುಡಕ್ಕೆ ಮಾತ್ರ ಇನ್ನೂ ಮೂರಡಿ ಉದ್ದ ಬೇಕು. ಮುಂದೆ ರಸ್ತೆ, ಅದನ್ನು ಮುಟ್ಟುವ ಹಾಗಿಲ್ಲ. ಪಕ್ಕಕ್ಕೆ ತಿರುಗಿಸಬೇಕು. ಮಾವ ಗೆರೆಯ ಕೊನೆಗೆ ಬೆರಳಿಟ್ಟು, ತಲೆಯೆತ್ತಿ ಹೊರಗೆ ನೋಡಿದರು. ಆ ಮೂರಡಿ ಅವರ ಅಂಗಡಿ ಮುಂದಿನ ಕಲ್ಲುಜಗಲಿ. ಅವರ ಮೆಷಿನ್ ಇದ್ದದ್ದು ಅದರ ಮೇಲೆ.

ಎದುರಿನ ನೀಲಗಿರಿ ಮರಗಳನ್ನು ದಾಟಿ ಒಂಬತ್ತರಿಂದ ಹನ್ನೊಂದರವರೆಗೆ ಬಿಸಿಲು ಬೀಳುತ್ತಿದ್ದದ್ದು ಆ ಜಗಲಿಗೆ ಮಾತ್ರ. ಹಿಮ ಬೀಳುವ ತಿಂಗಳಲ್ಲಿ ಅವರ ಬೆರಳು ಮಡಿಸಲು ಬರುತ್ತಿರಲಿಲ್ಲ. ಗುಂಡಿಯ ಕಾಜಾ, ಕಾಲರ್, ಸೂಕ್ಷ್ಮದ ಕೆಲಸವೆಲ್ಲ ಆ ಎರಡು ಗಂಟೆಯಲ್ಲೇ ಮುಗಿಸುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಅವರು ಆ ಗೆರೆಯನ್ನು ಒಂದು ಬೆರಳಷ್ಟು ಸರಿಸಿ, ಆಗದು ಎಂದಿದ್ದರೆ ನಾನು ನಂಬುತ್ತಿದ್ದೆ. ಕಾರು ಮಾರಿಬಿಡುತ್ತಿದ್ದೆ.

“ಅಳ್ತೆ ಇಲ್ಗೇ ಬತ್ತದೆ,” ಅಂದರು.

ವ್ಯಾಪಾರದಲ್ಲಿ ಮೊದಲ ಮಾತು ಯಾವಾಗಲೂ ಕಡಿಮೆಯಿಂದ ಶುರುವಾಗಬೇಕು. ನಾನು ಒಳಗೊಂದು ಟ್ಯೂಬ್‌ಲೈಟ್, ಬಾಗಿಲಿಗೆ ಬಣ್ಣ ಎಂದೆ. ಮುಂದೆ ಏರಿಸಬೇಕಾದ ಮಾತುಗಳೆಲ್ಲ ನಾಲಿಗೆಯ ಮೇಲೆ ಸಿದ್ಧವಿದ್ದವು.

“ಆಗ್ಲಿ ಬುಡಿ,” ಅಂದುಬಿಟ್ಟರು.

ಅಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ...

ಜಗಲಿ ಕಿತ್ತು ಸುರಿಸಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಮೊದಲ ಸಲ ಕಾರು ಹತ್ತಿಸುವಾಗ ಮಾವ ಕಿವಿಗೆ ಕೈ ಹಿಡಿದು ನಿಂತಿದ್ದರು. ಸದ್ದೇ ಇಲ್ಲ. “ಕಂಕುಳು ಹಿಡೀಲಿಲ್ಲ!” ಎಂದು, ಹೊಸ ಕೋಟು ತೊಡಿಸಿ ನೋಡಿದವರ ಹಾಗೆ ಕೂಗಿದರು. ಅವರನ್ನು ಕೂರಿಸಿಕೊಂಡು ಊಟಿ ಕೆರೆಯ ಸುತ್ತ ಒಂದು ಸುತ್ತು ಹೋದೆ. ಮಂಡಿ ಗಲ್ಲಕ್ಕೆ ಬಂದಿತ್ತು. “ಕಾಲ್ಚೀಲದೊಳ್ಗೆ ಕೂತಂಗದೆ ಕನಪ್ಪ,” ಎಂದು ದಾರಿಯುದ್ದಕ್ಕೂ ನಕ್ಕರು. ಆಮೇಲೆ ಕೋಟಿಗೆ ಬಂದವರನ್ನೆಲ್ಲ ಹೊರಗೆ ಕರೆದು, ಈ ಏರು ನನ್ನ ಹೊಲಿಗೆ ಎಂದು ತೋರಿಸುತ್ತಿದ್ದರು.

ಆ ಚಳಿಗಾಲ ಟ್ಯೂಬ್‌ಲೈಟಿನ ಕೆಳಗೆ ಕಳೆದರು. ಮೆಷಿನ್ ಸದ್ದು ನಡುನಡುವೆ ನಿಲ್ಲತೊಡಗಿತು. ಕಾಜಾ ಸೊಟ್ಟವಾಯಿತೆಂದು ಕೋಟುಗಳು ವಾಪಸ್ ಬಂದವು. ನಾನು ಹೀಟರ್ ತಂದುಕೊಟ್ಟೆ. ಬೆರಳು ಬಿಸಿಯಾಗುತ್ತದೆ, ಕಣ್ಣು ಉರಿಯುತ್ತದೆ ಎಂದು ಹಿಂದಕ್ಕೆ ಕೊಟ್ಟರು. ಎರಡನೆಯ ಚಳಿಗೆ ಅಂಗಡಿ ಮುಚ್ಚಿ ಗುಂಡ್ಲುಪೇಟೆಗೆ, ಮಗಳ ಮನೆಗೆ ಹೊರಟರು. “ಅಲ್ಲಿ ದಿನಪೂರ್ತಿ ಬಿಸ್ಲು, ಬುಡಿ,” ಅಂದರು. ದೂರಿನ ದನಿಯಲ್ಲಲ್ಲ.

ಕೆಟ್ಟ ವ್ಯಾಪಾರವನ್ನು ಹಿಂದಕ್ಕೆ ತಿರುಗಿಸಬಹುದು ಎಂದು ನಂಬಿದವನು ನಾನು. ಕಾರು ಮಾರಿದೆ. ಆಳು ಕರೆಸಿ ಬುಡದ ಕಾಂಕ್ರೀಟು ಒಡೆಸಿದೆ. ಹಳೆಯ ಕಲ್ಲುಗಳನ್ನೇ ಹುಡುಕಿ ಜಗಲಿಯನ್ನು ಮೊದಲಿನಂತೆ ಕಟ್ಟಿಸಿದೆ. ಮೂರನೆಯ ದಿನ ಸಂಭ್ರಮದಿಂದ ಫೋನ್ ಮಾಡಿದೆ: “ಬನ್ನಿ ಮಾವ, ನಿಮ್ ಬಿಸಿಲು ನಿಮಗೇ ಬಂತು.”

“ಒಡೆಸ್ಬುಟ್ರಾ?” ಅಂದರು. ಆಮೇಲೆ ಅವರೇ ಹೇಳಿದರು:

“ಅಷ್ಟ್ ವರ್ಷ ಹೊಲ್ದಿದ್ದೆಲ್ಲ ಹರ್ದೋಯ್ತು ಸಾವ್ಕಾರ್ರೇ. ಅದೊಂದ್ ಹರಿಯಲ್ಲ ಅಂದ್ಕಂಡಿದ್ದೆ.”

ಗುಂಡ್ಲುಪೇಟೆಗೆ ಹೋಗಿ ನೋಡಬೇಕಿತ್ತು. ಸೀಸನ್ ಮುಗಿಯಲಿ, ಟ್ಯಾಕ್ಸಿ ಬಿಡುವಾಗಲಿ ಎಂದುಕೊಳ್ಳುತ್ತಲೇ ಇದ್ದೆ... ಅವರು ತೀರಿಕೊಂಡ ಸುದ್ದಿ ಬಂದದ್ದೂ ಸೀಸನ್ನಿನಲ್ಲೇ.

ನಿನ್ನೆ ಮೈಸೂರಿನಿಂದ ಬಂದವರೊಬ್ಬರ ಕಾರು ಬುಡದಲ್ಲಿ ಉಜ್ಜಿತು. ತಗ್ಗಿನ ಬಿಳಿ ಕಾರು, ಹೊಸದು. ಅವರು ಇಳಿದು, ಬಗ್ಗಿ ನೋಡಿ, ನೊಂದುಕೊಂಡು ಕೇಳಿದರು: “ಸಾರ್, ಈ ಏರಿಗೆ ಏನೂ ಮಾಡಕ್ಕಾಗಲ್ವಾ?”

“ಆಗುತ್ತೆ. ಅಳತೆ ಗೊತ್ತಿರೋರು ಬೇಕು,” ಅಂದೆ.

“ಯಾರಾದ್ರೂ ಇದ್ರೆ ನಂಬರ್ ಕೊಡಿ ಸಾರ್, ನಮ್ಮ ಮನೇಲೂ ಇದೇ ಕಷ್ಟ.” ಮೊಬೈಲು ಹಿಡಿದು ಕಾಯುತ್ತಾ ನಿಂತರು.

“ಕಾರ್ ಹಿಂದಕ್ ತೆಗೀರಿ,” ಅಂದೆ. “ಮೊದಲು ಒಂದು ಚಕ್ರ ಹತ್ತಿಸೋಣ.”